ಮೋರನಾಳದ ಗೊಂಬೆಯಜ್ಜಿ

ಹಂಪಿಯ ವಿರೂಪಾಕ್ಷ ಗುಡಿಗೆ ಹೋದವರು ರಂಗಮಂಟಪದಲ್ಲಿ ಒಮ್ಮೆ ತಲೆಯೆತ್ತಿ ನೋಡಬೇಕು. ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ, ಮತ್ಸ್ಯಯಂತ್ರ ಭೇದಿಸುವ ಅರ್ಜುನ, ತ್ರಿಪುರ ಸಂಹಾರಕ್ಕೆ ಹೊರಟ ಶಿವ. ಪಕ್ಕಕ್ಕೆ ತಿರುಗಿದ ಮುಖ, ದೊಡ್ಡ ಕಣ್ಣು, ಗಾಢವಾದ ಅಂಚು. ಇಂಥದೇ ಮುಖಗಳನ್ನು ಈ ಸೀಮೆಯ ಹಳ್ಳಿಗರು ಬಿಳಿ ಪರದೆಯ ಮೇಲೂ ಕಂಡಿದ್ದಾರೆ. ಅದು ತೊಗಲುಗೊಂಬೆಯಾಟ. ಚಾವಣಿಯ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ ಈ ಎರಡು ಕಲೆಗಳ ನಂಟನ್ನು ಹಲವರು ಗುರುತಿಸಿದ್ದಾರೆ.

ಗೊಂಬೆಯವರ ಹೆಸರನ್ನು ಮಾತ್ರ ಬಹುಕಾಲ ಯಾರೂ ಕೇಳಲಿಲ್ಲ. ಆ ಕೊರತೆ ತುಸು ನೀಗಿದ್ದು 2025ರಲ್ಲಿ. ಹೊಸಪೇಟೆಯಿಂದ ತುಂಗಭದ್ರೆ ದಾಟಿದರೆ ಸಿಗುವ ಕೊಪ್ಪಳ ಜಿಲ್ಲೆಯ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಆ ವರ್ಷ ಪದ್ಮಶ್ರೀ ಸಂದಿತು. ಆಗ ಅವರ ವಯಸ್ಸು 96. ಎಪ್ಪತ್ತಕ್ಕೂ ಹೆಚ್ಚು ವರ್ಷ ಪರದೆಯ ಹಿಂದೆ ನಿಂತು ರಾಮಾಯಣ, ಮಹಾಭಾರತದ ಕಥೆಗಳನ್ನು ಆಡಿಸಿದ ಈ ಅಜ್ಜಿ ಹಲವು ಹೊರದೇಶಗಳಲ್ಲೂ ಆಟ ತೋರಿಸಿದ್ದರು.

ಗೊಂಬೆ ಮಾಡುವುದು ಕೆತ್ತನೆಯೂ ಹೌದು, ಚಿತ್ರಕಲೆಯೂ ಹೌದು. ಆಡಿನ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ಬಿಗಿದು ಒಣಗಿಸಿದರೆ ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಅದರ ಮೇಲೆ ಗೆರೆ ಬರೆದು, ಸಣ್ಣ ಉಳಿಗಳಿಂದ ಆಭರಣ, ಸೀರೆಯ ಅಂಚುಗಳನ್ನು ತೂತು ತೂತಾಗಿ ಕೊರೆಯುತ್ತಾರೆ. ಎರಡೂ ಬದಿಗೆ ಬಣ್ಣ ಹಚ್ಚಿ ಬಿದಿರಿನ ಕಡ್ಡಿಗೆ ಸಿಕ್ಕಿಸುತ್ತಾರೆ. ಹಿಂದೆ ದೀಪವಿಟ್ಟಾಗ ತೂತುಗಳು ಮುತ್ತಿನಂತೆ ಹೊಳೆಯುತ್ತವೆ. ನಮ್ಮಲ್ಲಿ ಒಂದೇ ತೊಗಲಿನಲ್ಲಿ ಇಡೀ ಒಂದು ದೃಶ್ಯವನ್ನು ಕೊರೆಯುವುದೂ ಉಂಟು.

ಮಳೆ ಬಾರದಿದ್ದಾಗ, ದನಕರುಗಳಿಗೆ ರೋಗ ಬಂದಾಗ ಊರವರೇ ಆಟ ಕಟ್ಟಿಸುತ್ತಿದ್ದರು. ಆನೆಗೊಂದಿಯ ಸೀಮೆಯೇ ಕಿಷ್ಕಿಂಧೆ ಎಂದು ನಂಬಿದ ಜನರಿಗೆ ವಾಲಿ ಸುಗ್ರೀವರ ಕಾಳಗ ತಮ್ಮ ಹೊಲದ ಬದುವಿನಲ್ಲೇ ನಡೆದಂತೆ. ನಡುವೆ ಹಾಸ್ಯಕ್ಕೆ ಕಿಳ್ಳೇಕ್ಯಾತ, ಬಂಗಾರಕ್ಕ ಜೋಡಿ.

ಸಿನಿಮಾ, ಟಿ.ವಿ. ಬಂದ ಮೇಲೆ ಆಟ ಕಟ್ಟಿಸುವವರು ಕಡಿಮೆಯಾದರು. ಹೊಟ್ಟೆಪಾಡಿಗೆ ಅನೇಕ ಕುಟುಂಬಗಳು ತಲೆಮಾರಿನ ಗೊಂಬೆಗಳನ್ನೇ ಮಾರಿದವು. ಕಲಾವಿದ ಎಂ.ಎಸ್. ನಂಜುಂಡರಾವ್ ಊರೂರು ಸುತ್ತಿ ಸಂಗ್ರಹಿಸಿದ ಗೊಂಬೆಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಉಳಿದಿವೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ (ನಿಧನ 2023) ಗಾಂಧೀಜಿಯ ಬದುಕು, ಸ್ವಾತಂತ್ರ್ಯ ಹೋರಾಟಗಳನ್ನು ಪರದೆಗೆ ತಂದು ಹೊಸ ಪ್ರೇಕ್ಷಕರನ್ನು ಹುಡುಕಿದರು.

ಇಲ್ಲೊಂದು ದೂರದ ಉದಾಹರಣೆ ನೆನಪಾಗುತ್ತದೆ. ಕೆನಡಾದ ಹಿಮಸೀಮೆಯ ಇನ್ಯುಟ್ ಕಲಾವಿದೆ ಕೆನೊಜುವಾಕ್ ಅಶೆವಾಕ್ (1927–2013) ಕೂಡ ತೊಗಲಿನಿಂದಲೇ ಆರಂಭಿಸಿದವರು. ಸೀಲ್ ತೊಗಲಿನ ಚೀಲದ ಮೇಲೆ ಅವರು ಮಾಡಿದ ವಿನ್ಯಾಸವೇ 1959ರಲ್ಲಿ ಅವರ ಮೊದಲ ಮುದ್ರಿತ ಚಿತ್ರವಾಯಿತು. ಅಲ್ಲಿನ ಸಹಕಾರ ಸಂಘ ಚಿತ್ರಗಳನ್ನು ಕೊಂಡು, ಅಚ್ಚು ಹಾಕಿಸಿ, ಮಾರಿತು. ಅವರ ಗೂಬೆಯ ಚಿತ್ರ 1970ರಲ್ಲಿ ಕೆನಡಾದ ಅಂಚೆಚೀಟಿಯ ಮೇಲೂ ಬಂತು.

ಅಲ್ಲಿ ಪ್ರಶಸ್ತಿಗಿಂತ ಮೊದಲು ಕೊಳ್ಳುವವರು ಬಂದರು. ನಮ್ಮಲ್ಲಿ ಪ್ರಶಸ್ತಿ ಬಂದಿದೆ. ಆಟ ಕಟ್ಟಿಸುವವರು ಬರಬೇಕು. ಅಚ್ಚಿನ ಚಿತ್ರವನ್ನು ಗೋಡೆಗೆ ತೂಗುಹಾಕಬಹುದು. ತೊಗಲುಗೊಂಬೆಗೆ ಅಷ್ಟು ಸಾಲದು. ಹಿಂದೊಂದು ದೀಪ, ಪಕ್ಕದಲ್ಲಿ ಹಾಡುವ ದನಿ, ಮುಂದೆ ನಿದ್ದೆಗೆಟ್ಟು ಕೂರುವ ಜನ, ಮೂರೂ ಬೇಕು. ಜಾತ್ರೆಗೆ ಆರ್ಕೆಸ್ಟ್ರಾ ಕರೆಸುವ ಊರುಗಳು ವರ್ಷಕ್ಕೊಂದು ರಾತ್ರಿಯನ್ನು ಗೊಂಬೆಯವರಿಗೆ ಬಿಟ್ಟುಕೊಟ್ಟರೂ ಭೀಮವ್ವನ ಮೊಮ್ಮಕ್ಕಳ ಕಾಲಕ್ಕೆ ಆ ದೀಪ ಉರಿಯುತ್ತಿದ್ದೀತು.