ಅಭಿಸರಣೆಯ ಚರಿತ್ರೆಯೂ ತರಗತಿಯ ಪ್ರಯೋಗವೂ

ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಕೈಯಾರೆ ನಡೆಸುವ ಮೊದಮೊದಲ ಪ್ರಯೋಗಗಳಲ್ಲಿ ಅಭಿಸರಣೆಯದೂ ಒಂದು. ಆಲೂಗೆಡ್ಡೆಯನ್ನು ಬಟ್ಟಲಿನಂತೆ ಕೊರೆದು, ಅದರೊಳಗೆ ಸಕ್ಕರೆಯ ಪಾಕವನ್ನು ತುಂಬಿ, ನೀರಿನ ತಟ್ಟೆಯಲ್ಲಿ ಇರಿಸಿದರೆ ಕೆಲವು ಗಂಟೆಗಳಲ್ಲಿ ಪಾಕದ ಮಟ್ಟ ಏರುತ್ತದೆ. ಅಭಿಸರಣೆ ಸಿದ್ಧವಾಯಿತೆಂದು ಬರೆದು ವಿದ್ಯಾರ್ಥಿಯು ದಾಖಲೆಯ ಪುಸ್ತಕವನ್ನು ಮುಚ್ಚುತ್ತಾನೆ. ಆದರೆ ಇಲ್ಲಿ ಸಿದ್ಧವಾದುದಾದರೂ ಏನು? ನೀರು ಒಳಹೊಕ್ಕಿತೆಂಬುದು ಕಣ್ಣಿಗೆ ಕಂಡ ಸಂಗತಿ. ಅದನ್ನು ಒಳಗೆ ಬಿಟ್ಟದ್ದು ಯಾವುದು, ಎಳೆದದ್ದು ಯಾವುದು, ಎಳೆತದ ಪ್ರಮಾಣವೆಷ್ಟು ಎಂಬ ಮೂರು ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಇವುಗಳಿಗೆ ಉತ್ತರ ದೊರೆಯಲು ವಿಜ್ಞಾನಕ್ಕೆ ನೂರನಲವತ್ತು ವರ್ಷಗಳಷ್ಟು ಕಾಲ ಹಿಡಿಯಿತು. ಆ ಚರಿತ್ರೆಯನ್ನು ಅರಿತರೆ ತರಗತಿಯ ಯಾವ ಪ್ರಯೋಗವು ಯಾವ ಪ್ರಶ್ನೆಗೆ ಉತ್ತರವೀಯುತ್ತದೆ ಎಂಬುದು ಸ್ಪಷ್ಟವಾಗುವುದೆಂಬುದು ನಮ್ಮ ಅಭಿಪ್ರಾಯ.

ಉಪ್ಪು ಬೆರೆಸಿದ ಮಾವಿನ ಹೋಳು ನೀರು ಬಿಡುವುದನ್ನು ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವವರೆಲ್ಲರೂ ಬಲ್ಲರು. ಆದರೆ ತಿಳಿದ ಸಂಗತಿಯು ಶಾಸ್ತ್ರದ ಪ್ರಶ್ನೆಯಾಗಬೇಕಾದರೆ ಅದನ್ನು ಕಂಡು ಬೆರಗಾಗುವವನೊಬ್ಬನು ಬೇಕು. ಕ್ರಿ.ಶ. 1748ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಅಬೆ ನೋಲೆ ಎಂಬವನಿಗೆ ಅಂಥ ಸಂದರ್ಭವೊದಗಿತು. ದ್ರವಗಳು ಕುದಿಯುವುದರ ಕಾರಣವನ್ನು ಅವನು ಪರಿಶೀಲಿಸುತ್ತಿದ್ದನು. ಮದ್ಯಸಾರಕ್ಕೆ ಗಾಳಿ ಸೋಕಬಾರದೆಂದು ಅದನ್ನು ತುಂಬಿದ ಸೀಸೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟನು. ಐದಾರು ಗಂಟೆಗಳ ತರುವಾಯ ನೋಡಲಾಗಿ ಪೊರೆಯು ಉಬ್ಬಿ ನಿಂತಿತ್ತು. ಸೂಜಿಯಿಂದ ಚುಚ್ಚಿದೊಡನೆ ದ್ರವವು ಚಿಮ್ಮಿತು. ನೋಲೆಯು ಸೀಸೆಯಲ್ಲಿ ನೀರನ್ನೂ ಹೊರಗೆ ಮದ್ಯಸಾರವನ್ನೂ ಇರಿಸಿ ಪ್ರಯೋಗವನ್ನು ತಿರುಗುಮುರುಗಾಗಿ ನಡೆಸಿದನು. ಆಗ ಪೊರೆಯು ಒಳಕ್ಕೆ ಬಾಗಿತು. ಪೊರೆಯು ಮದ್ಯಸಾರಕ್ಕಿಂತ ನೀರಿಗೆ ಸುಲಭವಾಗಿ ದಾರಿ ಕೊಡುತ್ತದೆಂದು ಅವನು ನಿರ್ಣಯಿಸಿದನು. ಒಂದು ಪ್ರಯೋಗದ ತೊಡಕು ಹೀಗೆ ಮತ್ತೊಂದು ಪ್ರಯೋಗದ ವಿಷಯವಾಯಿತು.

ಈ ಸಂಗತಿಯನ್ನು ಜೀವಕ್ರಿಯೆಗೆ ಹೊಂದಿಸಿದವನು ಫ್ರೆಂಚ್ ವೈದ್ಯನಾದ ಆನ್ರಿ ದ್ಯುತ್ರೋಶೆ. 1826ರಲ್ಲಿ ಅವನು ಒಳಹರಿವು, ಹೊರಹರಿವುಗಳಿಗೆ ಎಂಡಾಸ್ಮಾಸಿಸ್, ಎಕ್ಸಾಸ್ಮಾಸಿಸ್ ಎಂಬ ಹೆಸರುಗಳನ್ನು ಕೊಟ್ಟನು. ಪೊರೆ ಕಟ್ಟಿದ ಪಾತ್ರೆಗೆ ಗಾಜಿನ ನಳಿಗೆಯನ್ನು ಜೋಡಿಸಿ, ದ್ರವದ ಏರಿಕೆಯನ್ನು ಅಳೆಯುವ ಉಪಕರಣವನ್ನೂ ರಚಿಸಿದನು. ಇಂದು ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲಿರುವ ತಿಸಲ್ ಕೊಳವೆಯ ಉಪಕರಣವು ಅದರ ಸಂತತಿಯೇ. ಮೊದಮೊದಲು ಅವನು ಈ ಚಲನೆಗೆ ವಿದ್ಯುಚ್ಛಕ್ತಿಯೇ ಕಾರಣವೆಂದು ಊಹಿಸಿದ್ದನು. ಊಹೆ ನಿಲ್ಲಲಿಲ್ಲ, ಅಳತೆ ನಿಂತಿತು.

ದ್ಯುತ್ರೋಶೆಯ ಪೊರೆಗಳಾದರೋ ಸತ್ತ ಪ್ರಾಣಿಗಳಿಂದ ತೆಗೆದವು. ಸಜೀವ ಕೋಶದಲ್ಲಿ ತಡೆಯು ಎಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಗಾಢ ದ್ರಾವಣದಲ್ಲಿಟ್ಟ ಸಸ್ಯಕೋಶದ ಜೀವದ್ರವ್ಯವು ಭಿತ್ತಿಯಿಂದ ಕಳಚಿಕೊಂಡು ಕುಗ್ಗುವುದನ್ನು ನೇಗೆಲಿಯು 1855ರ ಸುಮಾರಿಗೆ ವರ್ಣಿಸಿದ್ದನು. 1877ರಲ್ಲಿ ಡಚ್ ಸಸ್ಯಶಾಸ್ತ್ರಜ್ಞ ಹ್ಯೂಗೋ ಡಿ ವ್ರೀಸ್ ಇದನ್ನು ಪ್ಲಾಸ್ಮಾಲಿಸಿಸ್ ಎಂದು ಕರೆದನು. ಕುಗ್ಗಿದ ಜೀವದ್ರವ್ಯಕ್ಕೂ ಭಿತ್ತಿಗೂ ನಡುವಣ ತೆರವನ್ನು ಹೊರಗಿನ ದ್ರಾವಣವೇ ತುಂಬುತ್ತದೆ. ಅಂದ ಮೇಲೆ ಭಿತ್ತಿಯು ಲವಣವನ್ನು ತಡೆಯುವುದಿಲ್ಲ. ತಡೆಯುವುದು ಜೀವದ್ರವ್ಯದ ಅಂಚು. 1884ರಲ್ಲಿ ಅವನು ಪ್ಲಾಸ್ಮಾಲಿಸಿಸ್ ಆಗತಾನೆ ತೋರುವ ದ್ರಾವಣಗಳನ್ನು ಹೋಲಿಸಿ, ಅಣುವಿಗೆ ಅಣು ಲೆಕ್ಕ ಹಿಡಿದಾಗ, ಪೆಟ್ಲುಪ್ಪಿನ ಬಲ 3 ಆದರೆ ಸಕ್ಕರೆಯ ಬಲ ಸುಮಾರು 2 ಎಂದು ಗೊತ್ತುಪಡಿಸಿದನು. ಅವನು ಬಳಸಿದ ಸಸ್ಯಗಳಲ್ಲೊಂದಾದ ಟ್ರಾಡೆಸ್ಕ್ಯಾಂಷಿಯಾ ಡಿಸ್ಕಲರ್ ಎಂಬುದು, ನಮ್ಮ ಕಾಲೇಜುಗಳ ಕುಂಡಗಳಲ್ಲಿ ರಿಯೋ ಎಂಬ ಹೆಸರಿನಿಂದ ಬೆಳೆಯುವ, ಎಲೆಯ ಕೆಳಬದಿ ನೇರಳೆಯಾಗಿರುವ ಗಿಡವೇ ಆಗಿದೆ.

ಪ್ರಮಾಣದ ಪ್ರಶ್ನೆಗೆ ಗಟ್ಟಿಯಾದ ಪೊರೆಯೊಂದು ಬೇಕಾಗಿತ್ತು. 1867ರಲ್ಲಿ ಮದ್ಯದ ವ್ಯಾಪಾರಿಯೂ ರಸಾಯನಜ್ಞನೂ ಆಗಿದ್ದ ಮೋರಿಟ್ಸ್ ಟ್ರೌಬೆಯು ರಾಸಾಯನಿಕವಾಗಿ ಪೊರೆಯನ್ನು ಸೃಷ್ಟಿಸುವ ಮಾರ್ಗವನ್ನು ತೋರಿಸಿಕೊಟ್ಟನು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಚಿರಪರಿಚಿತವಾದ ಮೈಲುತುತ್ತದ ದ್ರಾವಣವು ಪೊಟ್ಯಾಸಿಯಂ ಫೆರೋಸಯನೈಡಿನ ದ್ರಾವಣವನ್ನು ಸಂಧಿಸಿದೆಡೆ ಕಂದುಗೆಂಪು ಬಣ್ಣದ ಪೊರೆ ಏರ್ಪಡುತ್ತದೆ. ಅದು ನೀರನ್ನು ಬಿಡುತ್ತದೆ, ಸಕ್ಕರೆಯನ್ನು ತಡೆಯುತ್ತದೆ. ಆದರೆ ಅದು ಬಲು ದುರ್ಬಲ. ಜರ್ಮನಿಯ ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಫೆಫರ್ ಇದೇ ಪೊರೆಯನ್ನು ಮೆರುಗಿಲ್ಲದ ಮಣ್ಣಿನ ಕುಡಿಕೆಯ ರಂಧ್ರಗಳಲ್ಲಿ ಕೂರಿಸಿ ಅದಕ್ಕೆ ಆಧಾರವೊದಗಿಸಿದನು. 1877ರಲ್ಲಿ ಅವನು ಪ್ರಕಟಿಸಿದ ಅಂಕಿಗಳು ಹೀಗಿವೆ: ನೂರಕ್ಕೆ 1ರಷ್ಟು ಸಕ್ಕರೆಯ ದ್ರಾವಣದ ಒತ್ತಡ ಪಾದರಸದ 53.5 ಸೆಂಟಿಮೀಟರ್, 2ರಷ್ಟಕ್ಕೆ 101.6, 4ರಷ್ಟಕ್ಕೆ 208.2, 6ರಷ್ಟಕ್ಕೆ 307.5. ನೀರಿನ ಕಂಬವಾಗಿ ಎಣಿಸಿದರೆ ಮೊದಲನೆಯದೇ ಏಳು ಮೀಟರನ್ನು ಮೀರುತ್ತದೆ. ಚಹಕ್ಕೆ ಹಾಕುವುದಕ್ಕಿಂತಲೂ ಕಡಿಮೆ ಸಕ್ಕರೆಗೆ ಇಷ್ಟು ಬಲ!

ಆಮ್‌ಸ್ಟರ್‌ಡ್ಯಾಮಿನಲ್ಲಿ ಡಿ ವ್ರೀಸನು ತನ್ನ ಸಹೋದ್ಯೋಗಿ ವಾಂಟ್ ಹಾಫನಿಗೆ ಈ ಅಂಕಿಗಳ ವಿಷಯವನ್ನು ತಿಳಿಸಿದನು. ಒತ್ತಡವು ಸಾರತೆಗೆ ಅನುಗುಣವಾಗಿ ಏರುವುದನ್ನು ಕಂಡ ವಾಂಟ್ ಹಾಫನಿಗೆ ಅನಿಲಗಳ ನಿಯಮದ ನೆನಪಾಯಿತು. ಸಕ್ಕರೆಯ ಅಣುಗಳಷ್ಟೇ ಸಂಖ್ಯೆಯ ಅನಿಲದ ಅಣುಗಳು ಅಷ್ಟೇ ಎಡೆಯಲ್ಲಿ, ಅಷ್ಟೇ ಉಷ್ಣತೆಯಲ್ಲಿದ್ದರೆ ಎಷ್ಟು ಒತ್ತಡವನ್ನುಂಟುಮಾಡುವುವೆಂದು ಎಣಿಸಿದರೆ, ನೂರಕ್ಕೆ 1ರ ದ್ರಾವಣಕ್ಕೆ ಪಾದರಸದ ಸುಮಾರು 52 ಸೆಂಟಿಮೀಟರ್ ಬರುತ್ತದೆ. ಫೆಫರನ ಅಳತೆಗೂ ಇದಕ್ಕೂ ಇರುವ ಅಂತರ ಅತ್ಯಲ್ಪ. ಲವಣಗಳ ಬಲವು ಲೆಕ್ಕಕ್ಕಿಂತ ಹೆಚ್ಚಾಗಿರುವುದಕ್ಕೆ ಅವು ನೀರಿನಲ್ಲಿ ಅಯಾನುಗಳಾಗಿ ಒಡೆಯುವುದೇ ಕಾರಣವೆಂದು ಅರ್ಹೇನಿಯಸನು 1887ರಲ್ಲಿ ವಿವರಿಸಿದನು. ರಸಾಯನವಿಜ್ಞಾನದ ಮೊಟ್ಟಮೊದಲ ನೊಬೆಲ್ ಪಾರಿತೋಷಕವು 1901ರಲ್ಲಿ ವಾಂಟ್ ಹಾಫನಿಗೆ ಸಂದಿತು.

ಈಗ ತರಗತಿಗೆ ಮರಳೋಣ. ವಿನೆಗರಿನಲ್ಲಿ ಚಿಪ್ಪು ಕರಗಿಸಿದ ಕೋಳಿಮೊಟ್ಟೆ ನೀರಿನಲ್ಲಿ ಉಬ್ಬಿ, ಪಾಕದಲ್ಲಿ ಕುಗ್ಗುವುದು ನೋಲೆ ಮತ್ತು ದ್ಯುತ್ರೋಶೆಯರ ಪ್ರಯೋಗದ ಜಾತಿಯದು. ಅಲ್ಲಿ ಕೆಲಸ ಮಾಡುವುದು ಚಿಪ್ಪಿನೊಳಗಣ ನಿರ್ಜೀವ ಪೊರೆ. ಆದುದರಿಂದ ಅದನ್ನು ಸಜೀವ ಕೋಶದ ನಿದರ್ಶನವೆಂದು ಬೋಧಿಸುವುದು ಸಲ್ಲದು. ಆಲೂಗೆಡ್ಡೆಯ ಬಟ್ಟಲಿನ ಜೊತೆಗೆ ಬೇಯಿಸಿದ ಬಟ್ಟಲೊಂದನ್ನು ಇರಿಸಲೇಬೇಕು. ಬೇಯಿಸಿದುದರಲ್ಲಿ ಕೋಶಭಿತ್ತಿಗಳು ಉಳಿದಿದ್ದರೂ ಪಾಕ ಏರುವುದಿಲ್ಲ. ತಡೆಯು ಭಿತ್ತಿಯಲ್ಲಿಲ್ಲ, ಜೀವಂತ ಪೊರೆಯಲ್ಲಿದೆ ಎಂಬುದಕ್ಕೆ ಇದೇ ಸಾಕ್ಷಿ. ಕಾಲಾಭಾವದಿಂದ ಈ ಎರಡನೆಯ ಬಟ್ಟಲನ್ನು ಬಿಟ್ಟುಬಿಟ್ಟರೆ ವಿದ್ಯಾರ್ಥಿಯು 1748ರಲ್ಲಿಯೇ ನಿಂತುಬಿಡುತ್ತಾನೆ. ರಿಯೋ ಎಲೆಯ ಸಿಪ್ಪೆಯನ್ನು ಸೂಕ್ಷ್ಮದರ್ಶಕದಡಿ ನೋಡುವಾಗ ಕೇವಲ ಚಿತ್ರ ಬರೆಸದೆ, ಬೇರೆ ಬೇರೆ ಸಾರತೆಯ ದ್ರಾವಣಗಳಲ್ಲಿ ಕುಗ್ಗಿದ ಕೋಶಗಳನ್ನು ಎಣಿಸಲು ಹೇಳಿದರೆ ಅವನು ಡಿ ವ್ರೀಸನ ಮಾರ್ಗದಲ್ಲಿ ನಡೆದಂತಾಗುತ್ತದೆ.

ವಿವರಣೆಯಲ್ಲಿಯೂ ಒಂದು ಎಚ್ಚರ ಅಗತ್ಯ. ನೀರು ಹೆಚ್ಚಿರುವೆಡೆಯಿಂದ ಕಡಮೆಯಿರುವೆಡೆಗೆ ಹರಿಯುತ್ತದೆಂಬ ಮಾತು ಬಾಯಿಪಾಠಕ್ಕೆ ಸುಲಭವೇ ಹೊರತು ಕಾರಣವನ್ನು ತಿಳಿಸಲಾರದು. ದುರ್ಬಲ ದ್ರಾವಣಗಳಲ್ಲಿ ಒತ್ತಡವನ್ನು ನಿರ್ಧರಿಸುವುದು ಕರಗಿದ ಕಣಗಳ ಸಂಖ್ಯೆ. ಅವು ಆಕ್ರಮಿಸಿದ ಸ್ಥಳವಾಗಲಿ, ಅವುಗಳ ತೂಕವಾಗಲಿ ಅಲ್ಲ. ಡಿ ವ್ರೀಸನ ಅಂಕಿಗಳ ತಿರುಳೂ ಇದೇ.

ಚರಿತ್ರೆಯು ಅಲ್ಲಿಗೆ ಮುಗಿಯಲಿಲ್ಲ. ಕೆಲವು ಕೋಶಗಳ ಪೊರೆಯನ್ನು ನೀರು ಅಷ್ಟು ವೇಗವಾಗಿ ದಾಟುವುದು ಹೇಗೆಂಬ ಪ್ರಶ್ನೆ ಬಹುಕಾಲ ಉಳಿದಿತ್ತು. ಅಮೆರಿಕದ ಪೀಟರ್ ಆಗ್ರೆ ಮತ್ತು ಅವರ ಸಂಗಡಿಗರು ಕೆಂಪು ರಕ್ತಕಣಗಳ ಪೊರೆಯಲ್ಲಿ ದೊರೆತ ಒಂದು ಪ್ರೋಟೀನು ಕಪ್ಪೆಯ ತತ್ತಿಗಳಲ್ಲಿ ತಯಾರಾಗುವಂತೆ ಮಾಡಿ, ಅವನ್ನು ಸಪ್ಪೆ ದ್ರಾವಣದಲ್ಲಿ ಇರಿಸಿದರು. ಆ ತತ್ತಿಗಳು ಕೆಲವೇ ನಿಮಿಷಗಳಲ್ಲಿ ಉಬ್ಬಿ ಒಡೆದವು. ಪ್ರೋಟೀನಿಲ್ಲದ ತತ್ತಿಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. 1992ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ನೀರಿನ ಕಾಲುವೆಗಳಾದ ಅಕ್ವಾಪೋರಿನ್‌ಗಳು ಬೆಳಕಿಗೆ ಬಂದವು. 2003ರಲ್ಲಿ ಆಗ್ರೆಯವರು ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಆ ಪ್ರಯೋಗದಲ್ಲಿಯೂ ಒಂದರ ಪಕ್ಕದಲ್ಲಿ ಮತ್ತೊಂದನ್ನು ಇರಿಸಿ ನೋಡಲಾಯಿತು ಎಂಬುದನ್ನು ಗಮನಿಸಬೇಕು. ಪ್ರೋಟೀನಿಲ್ಲದ ತತ್ತಿಯು ಮಾಡಿದ ಕೆಲಸವನ್ನೇ ನಮ್ಮ ತರಗತಿಯಲ್ಲಿ ಬೇಯಿಸಿದ ಆಲೂಗೆಡ್ಡೆಯು ಮಾಡುತ್ತದೆ. ಅದಕ್ಕೆ ತಗಲುವ ವೆಚ್ಚ ಒಂದು ಗೆಡ್ಡೆ, ಸ್ವಲ್ಪ ಉರಿ. ಅದನ್ನು ಬಿಟ್ಟರೆ ಆಗುವ ನಷ್ಟವಾದರೋ ಪ್ರಯೋಗದ ಅರ್ಥವೇ. ಆದುದರಿಂದ ಎರಡನೆಯ ಬಟ್ಟಲಿಗೂ ತಟ್ಟೆಯಲ್ಲಿ ಜಾಗ ಮಾಡಿಕೊಡಬೇಕೆಂದು ಅಧ್ಯಾಪಕ ಮಿತ್ರರಲ್ಲಿ ನಮ್ಮ ವಿಜ್ಞಾಪನೆ.