ಕಲ್ಲಿನ ಗೋರಿ, ಮಣ್ಣಿನ ಮನೆ: ನೈಲ್ ದಡದಿಂದ ಲಕ್ಕವಳ್ಳಿಯವರೆಗೆ

ಪ್ರಾಚೀನ ಈಜಿಪ್ಟ್ ಎಂದೊಡನೆ ನಮ್ಮ ಕಣ್ಣ ಮುಂದೆ ಪಿರಮಿಡ್ಡುಗಳು ನಿಲ್ಲುತ್ತವೆ. ಆದರೆ ಅವುಗಳಲ್ಲಿ ಯಾರೂ ಬಾಳಿ ಬದುಕಲಿಲ್ಲ, ಅವು ಗೋರಿಗಳು. ಆ ಗೋರಿಗಳಿಗೆ ಕಲ್ಲು ಎಳೆದ ಜನರು ಸಂಜೆಯಾದ ಮೇಲೆ ಯಾವ ಸೂರಿನಡಿ ಮಲಗುತ್ತಿದ್ದರು ಎಂದು ನಾವು ಕೇಳುವುದು ಅಪರೂಪ.

ಅವರ ಮನೆಗಳು ನೈಲ್ ನದಿಯ ಕೆಸರಿನಿಂದಾದವು. ಕೆಸರಿಗೆ ಹುಲ್ಲು, ಹೊಟ್ಟು ಬೆರೆಸಿ, ಮರದ ಅಚ್ಚಿನಲ್ಲಿ ಒತ್ತಿ, ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯೇ ಗೋಡೆಯಾಗುತ್ತಿತ್ತು. ತಾಳೆಜಾತಿಯ ಮರದ ತೊಲೆಗಳ ಮೇಲೆ ಜೊಂಡು ಹಾಸಿ ಮಣ್ಣು ಮೆತ್ತಿದರೆ ಮಾಳಿಗೆ ಸಿದ್ಧ. ಬಿಸಿಲು, ಧೂಳನ್ನು ತಡೆಯಲು ಕಿಟಕಿಗಳು ಚಿಕ್ಕವಾಗಿ, ಎತ್ತರದಲ್ಲಿರುತ್ತಿದ್ದವು. ವಿಶೇಷವೆಂದರೆ ಅರಸನ ಅರಮನೆಯೂ ಬಹುಮಟ್ಟಿಗೆ ಇದೇ ಹಸಿ ಇಟ್ಟಿಗೆಯದು. ಕಲ್ಲು ಮೀಸಲಾಗಿದ್ದುದು ದೇಗುಲಕ್ಕೆ ಮತ್ತು ಸಮಾಧಿಗೆ. ಸಮಾಧಿಯನ್ನು ಅವರು ಶಾಶ್ವತದ ಮನೆ ಎಂದೇ ಭಾವಿಸಿದ್ದರು. ಫಿರ್‌ಔನ್ ಎಂಬ ಹೆಸರಿನ ಮೂಲವಾದ ಈಜಿಪ್ಟಿನ ಪದಕ್ಕೂ 'ದೊಡ್ಡ ಮನೆ' ಎಂಬುದೇ ಅರ್ಥ. ಮೊದಲು ಅರಮನೆಗೆ ಸಂದ ಆ ಪದ ಮುಂದೆ ಅದರೊಳಗಿನ ಅರಸನಿಗೆ ಅಂಟಿಕೊಂಡಿತು.

ಸಾಮಾನ್ಯರ ಮನೆಗಳನ್ನು ಕಾಣಬೇಕಾದರೆ ನಾವು ಲಕ್ಸರ್‌ನ ಎದುರು ದಡದಲ್ಲಿರುವ ದೈರ್ ಅಲ್-ಮದೀನಾಕ್ಕೆ ಹೋಗಬೇಕು. ಅರಸರ ಗೋರಿಗಳನ್ನು ಕೊರೆದು ಚಿತ್ರ ಬಿಡಿಸಿದ ಕುಶಲಕರ್ಮಿಗಳ ಊರದು. ಪ್ರಾಕಾರದೊಳಗೆ ಸುಮಾರು 70 ಮನೆಗಳು. ಒಂದರ ಹಿಂದೊಂದು ನಾಲ್ಕೈದು ಕೋಣೆಗಳು, ಹಿಂದೆ ಅಡುಗೆಮನೆ, ಕೆಳಗೆ ನೆಲಮಾಳಿಗೆ, ಮಾಳಿಗೆಗೆ ಮೆಟ್ಟಿಲು. ಕುಡಿಯುವ ನೀರು ಕತ್ತೆಗಳ ಬೆನ್ನೇರಿ ಬರಬೇಕಿತ್ತು. ಮೂರನೆಯ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ ಕೂಲಿಯ ಧಾನ್ಯ ಬಾರದಿದ್ದಾಗ ಇಲ್ಲಿನವರು ಕೆಲಸ ನಿಲ್ಲಿಸಿ ಹೊರನಡೆದರು. ಅರಸನ ಶಾಶ್ವತದ ಮನೆಯನ್ನು ಕಟ್ಟುತ್ತಿದ್ದವರ ಸ್ವಂತ ಮನೆಯ ಒಲೆ ಉರಿಯುತ್ತಿರಲಿಲ್ಲ.

ಮರುಭೂಮಿಯ ಅಂಚಿನಲ್ಲಿದ್ದುದರಿಂದ ಈ ಊರು ಉಳಿಯಿತು. ನದೀತೀರದ ಅಸಂಖ್ಯ ಮನೆಗಳು ಪ್ರವಾಹದಲ್ಲಿ ಕರಗಿದವು. ಅಳಿದುಳಿದ ಗೋಡೆಗಳ ಮಣ್ಣನ್ನು ನಂತರದ ಕಾಲದ ರೈತರು ಗೊಬ್ಬರಕ್ಕಾಗಿ ಅಗೆದೊಯ್ದರು.

ಇದು ದೂರದೇಶದ ಕಥೆಯಷ್ಟೇ ಅಲ್ಲ. ನಮ್ಮ ತರೀಕೆರೆ ಸಮೀಪದ ಅಮೃತಾಪುರದಲ್ಲಿ 1196ರ ಹೊಯ್ಸಳ ದೇಗುಲ ಇಂದಿಗೂ ನಿಂತಿದೆ. ಅದನ್ನು ಕೆತ್ತಿದವರ ಮನೆಗಳು ನಿಂತಿಲ್ಲ. ಮಲೆನಾಡಿನ ಮನೆಯೂ ಮೂಲತಃ ಮಣ್ಣಿನದೇ. ಮಳೆ ಅಪರೂಪವಾದ ಈಜಿಪ್ಟಿನಲ್ಲಿ ಮಾಳಿಗೆ ಸಮತಟ್ಟಾಗಿತ್ತು; ಸುರಿಮಳೆಯ ನಮ್ಮಲ್ಲಿ ಸೂರು ಇಳಿಜಾರಾಗಿ, ಹುಲ್ಲನ್ನೋ ನಾಡಹೆಂಚನ್ನೋ ಹೊದ್ದು, ಗೋಡೆಯನ್ನು ನೀರಿನಿಂದ ಕಾಯಿತು. ಮಣ್ಣು ಒಂದೇ, ಆಕಾಶ ಬೇರೆ.

ಇಪ್ಪತ್ತನೆಯ ಶತಮಾನ ಎರಡೂ ನಾಡುಗಳನ್ನು ಇನ್ನಷ್ಟು ಹತ್ತಿರ ತಂದಿತು. 1960ರ ದಶಕದಲ್ಲಿ ಅಸ್ವಾನ್ ಅಣೆಕಟ್ಟಿನ ನೀರು ಏರಿದಾಗ ಅಬೂ ಸಿಂಬಲ್ ದೇಗುಲಗಳನ್ನು ತುಂಡುತುಂಡಾಗಿ ಕತ್ತರಿಸಿ, ಎತ್ತರದ ನೆಲದಲ್ಲಿ ಮರಳಿ ಜೋಡಿಸಲಾಯಿತು. ಜಗತ್ತೇ ಅದಕ್ಕೆ ನೆರವಾಯಿತು. ಆದರೆ ಸುಮಾರು 50,000 ನೂಬಿಯನ್ನರು ತಮ್ಮ ಮಣ್ಣಿನ ಮನೆಗಳನ್ನು ನೀರಿಗೆ ಬಿಟ್ಟು ಕೋಮ್ ಓಂಬೋದತ್ತ ಹೊರಟರು. ಅದೇ ದಶಕದಲ್ಲಿ, 1965ರಲ್ಲಿ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಪೂರ್ಣಗೊಂಡಿತು. ಅದರ 71.5 ಟಿಎಂಸಿ ನೀರು ಬಯಲಿನ ಗದ್ದೆ ತೋಟಗಳಿಗೆ ಜೀವ ತುಂಬಿದೆ. ಆ ಉಪಕಾರವನ್ನು ನಾವು ಅಲ್ಲಗಳೆಯುವಂತಿಲ್ಲ. ಆದರೆ ಅದೇ ನೀರಿನಡಿ ಜನರ ಜಗಲಿಗಳೂ ಒಲೆಗಳೂ ಇವೆ. ಮುಂದೆ 2001-02ರ ಸುಮಾರಿಗೆ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳಿಂದ ನಾನ್ನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಅವುಗಳಲ್ಲಿ ಬಹಳಷ್ಟು ಲಕ್ಕವಳ್ಳಿ ಸಮೀಪದ ಎಂ.ಸಿ. ಹಳ್ಳಿಯಲ್ಲಿ ಹೊಸ ಮನೆ ಕಟ್ಟಿಕೊಂಡವು.

ಪವಿತ್ರ ಕುರ್‌ಆನಿನ ಯೂನುಸ್ ಅಧ್ಯಾಯದಲ್ಲಿ ಈಜಿಪ್ಟಿನ ಮನೆಗಳ ಪ್ರಸ್ತಾಪವಿದೆ. ಫಿರ್‌ಔನನ ದಬ್ಬಾಳಿಕೆಯ ನಡುವೆ ಪ್ರವಾದಿ ಮೂಸಾ(ಅ) ಮತ್ತು ಅವರ ಸಹೋದರನಿಗೆ ಬಂದ ಆದೇಶ ಕೋಟೆ ಕಟ್ಟಿರೆಂದಲ್ಲ. ತಮ್ಮ ಜನರಿಗೆ ಅಲ್ಲಿ ಮನೆಗಳನ್ನು ಕಲ್ಪಿಸಿ, ಅವುಗಳಲ್ಲೇ ನಮಾಝನ್ನು ನೆಲೆಗೊಳಿಸಿರೆಂದು. ಪೀಡಿತ ಜನತೆಯ ಮೊದಲ ಆಸರೆ ಮನೆ ಎಂಬುದನ್ನು ನಾವು ಇಲ್ಲಿ ಕಾಣುತ್ತೇವೆ.

ಪಿರಮಿಡ್ಡನ್ನು ನೋಡಿ ಬೆರಗಾಗುವುದು ಸುಲಭ. ಆದರೆ ಒಂದು ಸಮಾಜವನ್ನು ಅಳೆಯಬೇಕಾದುದು ಅದು ತನ್ನ ಬಡವನಿಗೆ ಬಿಟ್ಟುಕೊಟ್ಟ ಸೂರಿನಿಂದ. ಮಣ್ಣಿನ ಗೋಡೆ ಶಾಸನ ಬರೆಯುವುದಿಲ್ಲ. ಅದರ ನೆನಪು ಬಾಳಿದವರ ನಾಲಗೆಯಲ್ಲಿದೆ. ಮುಳುಗಿದ ಊರುಗಳ ಹೆಸರು ಹೇಳಬಲ್ಲ ಹಿರಿಯರು ಲಕ್ಕವಳ್ಳಿಯ ಸುತ್ತಮುತ್ತ ಇರುವಾಗಲೇ ನಾವು ಅವರ ಬಳಿ ಕುಳಿತು ಕೇಳಬೇಕು, ಬರೆದಿಡಬೇಕು. ಮುಂದೆ ಯಾರನ್ನಾದರೂ ಮನೆಯಿಂದ ಎಬ್ಬಿಸಬೇಕಾಗಿ ಬಂದರೆ, ದೇಗುಲದ ಕಲ್ಲಿಗೆ ತೋರಿದಷ್ಟಾದರೂ ಕಾಳಜಿಯನ್ನು ಮನುಷ್ಯನ ಹೊಸ್ತಿಲಿಗೂ ತೋರಬೇಕು.