ಸಕಲೇಶಪುರ–ಆಲೂರು ಮಲೆನಾಡಿನ ಆಹಾರ: ಕ್ಯಾಲೊರಿ ಮತ್ತು ಸಮತೋಲನದ ಚರಿತ್ರೆ

ಹಾಸನ ಜಿಲ್ಲೆಯ ಪಶ್ಚಿಮ ಅಂಚಿನಲ್ಲಿರುವ ಸಕಲೇಶಪುರ (ಹಿಂದಿನ ಮಂಜರಾಬಾದ್) ಮತ್ತು ಅದಕ್ಕೆ ಹೊಂದಿಕೊಂಡ ಆಲೂರು ತಾಲ್ಲೂಕುಗಳ ಊಟದ ಬಗ್ಗೆ ಎರಡು ತಪ್ಪು ಚಿತ್ರಗಳು ಬಳಕೆಯಲ್ಲಿವೆ. ಹಾಸನವನ್ನು ರಾಗಿಯ ಜಿಲ್ಲೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಹಳೆಯದು. ಕಡುಬು, ಹಂದಿ ಮಾಂಸ, ತುಪ್ಪ ಸವರಿದ ಅಕ್ಕಿರೊಟ್ಟಿಗಳನ್ನು ಇಲ್ಲಿನವರ ದಿನನಿತ್ಯದ ಊಟವೆಂದು ತೋರಿಸುವುದು ಹೊಸದು. ಇದು ಹೋಂಸ್ಟೇಗಳ ಪ್ರಚಾರದ ಜೊತೆ ಬೆಳೆದುಬಂದದ್ದು. ಈ ಗುಡ್ಡಗಳ ಜನ ಏನುಂಡರು, ಎಷ್ಟು ದುಡಿದರು, ಊಟವನ್ನು ಯಾವುದರಿಂದ ಅಳೆದರು ಎಂಬುದನ್ನು ಬಿಡಿಸಿ ನೋಡಿದರೆ ಈ ಎರಡೂ ಚಿತ್ರಗಳು ನಿಲ್ಲುವುದಿಲ್ಲ.

ದವಸ ಮತ್ತು ಲೆಕ್ಕಕ್ಕೆ ಬಾರದ ಆಹಾರ

ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳ ಮಳೆಯ ನಾಡಿನಲ್ಲಿ ಕಣಿವೆಯ ಗದ್ದೆಯ ಭತ್ತವೇ ಮುಖ್ಯ ದವಸ. ಪೂರ್ವಕ್ಕೆ ಸರಿದು ಅರೆಮಲೆನಾಡಾದ ಆಲೂರಿಗೆ ಬಂದರೆ ಅಕ್ಕಿಯ ಜೊತೆಗೆ ಮುದ್ದೆಯೂ ತಟ್ಟೆಗೆ ಬರುತ್ತದೆ. ಪೌಷ್ಟಿಕತೆಯ ಲೆಕ್ಕದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಮಿಲ್ಲಿನ ಅಕ್ಕಿ ನೂರು ಗ್ರಾಮಿಗೆ ಸುಮಾರು 350 ಕಿಲೊಕ್ಯಾಲೊರಿ ಕೊಟ್ಟರೆ ರಾಗಿ ಸುಮಾರು 320 ಕೊಡುತ್ತದೆ. ಶಕ್ತಿಯಲ್ಲಿ ಎರಡೂ ಹತ್ತಿರ ಹತ್ತಿರ. ಆದರೆ ಅಷ್ಟೇ ರಾಗಿಯಲ್ಲಿ 350 ಮಿಲಿಗ್ರಾಮಿಗೂ ಹೆಚ್ಚು ಸುಣ್ಣಾಂಶವಿದ್ದು, ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿನ ಆಸುಪಾಸು ಮಾತ್ರ. ಬರೀ ಕ್ಯಾಲೊರಿ ಎಣಿಸಿದರೆ ಈ ಅಂತರ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಾದರೆ ಅಕ್ಕಿಯನ್ನೇ ನೆಚ್ಚಿದ ಮೇಲಿನ ಮಲೆಯ ಮನೆಗಳಲ್ಲಿ ಉಳಿದ ಪೋಷಕಾಂಶ ಎಲ್ಲಿಂದ ಬರುತ್ತಿತ್ತು? 19ನೆಯ ಶತಮಾನದ ಕೊನೆಯ ಮೈಸೂರು ಗೆಜೆಟಿಯರುಗಳಲ್ಲಿ ಬೆಳೆ, ಕಂದಾಯ, ಸಾಗುವಳಿಯ ವಿವರಕ್ಕೇ ಹೆಚ್ಚು ಜಾಗ. ತೆರಿಗೆ ಬೀಳದ ಆಹಾರ ಅಂಥ ಕಡೆ ಮೂಲೆಗೆ ಸರಿಯುವುದು ಸಹಜ. ಈ ಊಟದ ಸಮತೋಲನ ಇದ್ದದ್ದೇ ಆ ಮೂಲೆಯಲ್ಲಿ. ಮೊದಲ ಮಳೆಗೆ ಗದ್ದೆ ಹತ್ತುವ ಹತ್ತುಮೀನು, ಹಳ್ಳದ ಏಡಿ, ಹುತ್ತದ ಅಣಬೆ, ಕೆಸುವಿನ ಎಲೆ, ಮರದ ಮೇಲೆ ಬೆಳೆಯುವ ಮರಗೆಸು, ಕಳಲೆ, ಹಲಸು ಇವೆಲ್ಲ ಒಂದರ ಹಿಂದೆ ಒಂದರಂತೆ ಮಳೆಗಾಲವನ್ನು ತುಂಬುತ್ತಿದ್ದವು. ಮುಳ್ಳುಸಮೇತ ತಿನ್ನುವ ಸಣ್ಣ ಮೀನು ಸುಣ್ಣಾಂಶಕ್ಕೆ ಒದಗುತ್ತಿತ್ತು. ಏಡಿಯ ಕಾಲುಗಳನ್ನೂ ಬಿಸಾಡದೆ ಕುಟ್ಟಿ, ರಸ ಸೋಸಿ ಸಾರಿಗೆ ಹಾಕುತ್ತಿದ್ದರು. ಹಲಸಿನ ಬೀಜಕ್ಕೆ ಮಣ್ಣು ಸವರಿ ಒಣಗಿಸಿಟ್ಟರೆ ಆಷಾಢದ ಸಾರಿಗೆ ಆಯಿತು. ಘಟ್ಟದ ಕೆಳಗಿಂದ ಬರುವ ಒಣಮೀನು ಸಂತೆಯಲ್ಲಿ ಸಿಗುತ್ತಿತ್ತು.

ಇವುಗಳಲ್ಲಿ ಕೆಲವನ್ನು ತಿನ್ನಲು ಪಳಗಿದ ಕೈ ಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಅದಕ್ಕೇ ಸಿಪ್ಪೆ ಸುಲಿದು ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಬೇಯಿಸಿದ ಮೇಲಷ್ಟೇ ಒಗ್ಗರಣೆಗೆ ಹಾಕುವುದು. ಕೆಸುವಿನ ಆಕ್ಸಲೇಟ್ ಹರಳು ಗಂಟಲು ತುರಿಸುವುದರಿಂದ ಪತ್ರೊಡೆಯ ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಬೀಳಬೇಕು. ಈ ತಿಳಿವಳಿಕೆ ಪೌಷ್ಟಿಕ ಆಹಾರದ ಚರಿತ್ರೆಯ ಭಾಗವೇ ಆಗಿದೆ, ಅದನ್ನು ಬರಿಯ ಪಾಕಪದ್ಧತಿಯೆಂದು ಬದಿಗಿಡುವುದು ಸರಿಯಲ್ಲ.

ತೋಟ, ಪಡಿ, ಕ್ಯಾಲೊರಿ

19ನೆಯ ಶತಮಾನದ ನಡುವಿನಿಂದ ರಾಬರ್ಟ್ ಎಲಿಯಟ್‌ನಂಥ ಯುರೋಪಿಯನ್ ಪ್ಲಾಂಟರುಗಳು ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದರು. ಬಯಲುಸೀಮೆಯಿಂದಲೂ ದಕ್ಷಿಣ ಕನ್ನಡದ ಕಡೆಯಿಂದಲೂ ಆಳುಗಳು ಬಂದರು. ಲೈನು ಮನೆಗಳಲ್ಲಿ ಬಯಲುಸೀಮೆಯವರ ಮುದ್ದೆ, ಘಟ್ಟದ ಕೆಳಗಿನವರ ಕುಸುಬಲಕ್ಕಿ ಗಂಜಿ ಅಕ್ಕಪಕ್ಕದ ಒಲೆಗಳಲ್ಲಿ ಬೆಂದವು. ಭತ್ತವನ್ನು ಕುದಿಸಿ ಒಣಗಿಸುವಾಗ ತವುಡಿನ ಬಿ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಹೀಗಾಗಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯನ್ನೇ ಉಣ್ಣುವವರಿಗಿಂತ ಕುಸುಬಲಕ್ಕಿಯವರಿಗೆ ಬೆರಿಬೆರಿಯಿಂದ ಹೆಚ್ಚು ರಕ್ಷಣೆಯಿತ್ತು.

ಆಹಾರವನ್ನು ಶಾಖದ ಮಾನದಲ್ಲಿ ಅಳೆಯುವ ವಿಜ್ಞಾನವನ್ನು ಭಾರತದಲ್ಲಿ ನೆಲೆಗೊಳಿಸಿದ್ದು ಕೂನೂರಿನ ಪ್ರಯೋಗಾಲಯ. ಅಲ್ಲಿನ ಡಬ್ಲ್ಯು. ಆರ್. ಅಯ್‌ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೌಷ್ಟಿಕಾಂಶ ಪಟ್ಟಿ ಪ್ರಕಟಿಸಿದರು. ಜನಸಾಮಾನ್ಯರಿಗೆ ಊಟದ ಅಳತೆ ತಟ್ಟಿದ್ದು ಮಾತ್ರ ಬೇರೆ ದಾರಿಯಲ್ಲಿ. 1942ರಲ್ಲಿ ಬರ್ಮಾದ ಅಕ್ಕಿ ನಿಂತುಹೋಗಿ, ಪಡಿತರದ ಔನ್ಸುಗಳ ಕಾಲ ಬಂತು. 1946ರ ಡಿ. ವಿ. ರೇಗೆ ವರದಿ ತೋಟ ಕಾರ್ಮಿಕರ ಜೀವನಮಟ್ಟವನ್ನು ದಾಖಲಿಸಿತು. 1951ರ ತೋಟ ಕಾರ್ಮಿಕರ ಕಾಯಿದೆ 150 ಅಥವಾ ಹೆಚ್ಚು ಆಳುಗಳಿದ್ದಲ್ಲಿ ಕ್ಯಾಂಟೀನ್ ಬೇಕೆಂದಿತು. ಸಣ್ಣ ಹಿಡುವಳಿಗಳೇ ಹೆಚ್ಚಿರುವ ಈ ಸೀಮೆಯಲ್ಲಿ ಬಹುಪಾಲು ತೋಟಗಳಿಗೆ ಆ ನಿಯಮ ತಾಗುವಂತಿರಲಿಲ್ಲ. ಕಾಯಿದೆಯಿಂದ ಕಾರ್ಮಿಕರ ಊಟ ಸುಧಾರಿಸಿತೆಂದು ಸಾರಾಸಗಟಾಗಿ ಹೇಳುವ ಬರಹಗಳನ್ನು ಇಲ್ಲಿಗೆ ಅನ್ವಯಿಸುವಾಗ ಇದನ್ನು ಮರೆಯಬಾರದು.

ಅಕ್ಷರ ದಾಸೋಹ 2003ರಲ್ಲಿ ರಾಜ್ಯದ ಈ ಭಾಗಕ್ಕೂ ಬಂದಿತು. ಬಿಸಿಯೂಟದ ಈಗಿನ ಮಾನದಂಡದಂತೆ ಕಿರಿಯ ಪ್ರಾಥಮಿಕ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು ಸಿಗಬೇಕು. ಆಗಸ್ಟ್ 2013ರಿಂದ ಕ್ಷೀರ ಭಾಗ್ಯದ ಹಾಲು ಸೇರಿತು. ಅದೇ ವರ್ಷದ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯ ಹಸಿವಿನ ಭಯವನ್ನು ದೊಡ್ಡ ಪ್ರಮಾಣದಲ್ಲಿ ತಗ್ಗಿಸಿತು. ಅದನ್ನು ಸೋಮಾರಿತನದ ಯೋಜನೆ ಎಂದು ಜರೆಯುವವರು, ಮಳೆಗಾಲದಲ್ಲಿ ಕೂಲಿ ತಪ್ಪಿದ ಮನೆಗೆ ಅಕ್ಕಿ ಎಂದರೆ ಏನೆಂದು ಅರಿತವರಲ್ಲ.

ದುಡಿಮೆ ಬದಲಾದ ಮೇಲೆ

ನಿಜವಾದ ತಿರುವು ಇತ್ತೀಚಿನದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 55 ಕಿಲೊ ತೂಕದ ಹೆಂಗಸು ಕೂತು ಕೆಲಸ ಮಾಡುವವಳಾದರೆ ದಿನಕ್ಕೆ 1,660, ಭಾರಿ ದೈಹಿಕ ದುಡಿಮೆಯವಳಾದರೆ 2,720 ಕಿಲೊಕ್ಯಾಲೊರಿ ಬೇಕು. ಈ ಎರಡರ ನಡುವಿನ ಸಾವಿರ ಕ್ಯಾಲೊರಿಯಲ್ಲೇ ಈ ಸೀಮೆಯ ಈಚಿನ ಕಥೆಯಿದೆ. ನೇಗಿಲ ಜಾಗಕ್ಕೆ ಟಿಲ್ಲರು, ನಡಿಗೆಯ ಜಾಗಕ್ಕೆ ಬೈಕು, ಒನಕೆಯ ಜಾಗಕ್ಕೆ ಮಿಲ್ಲು ಬಂದವು. ಆನೆ ಹಾವಳಿಯಿಂದ ಅನೇಕರು ಗದ್ದೆ ಬೀಳುಬಿಟ್ಟರು. 2014ರಲ್ಲಿ ಆಲೂರು ಭಾಗದಲ್ಲಿ ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ತೀರಲಿಲ್ಲ. ಹಲವು ಗದ್ದೆಗಳು ಶುಂಠಿಗೆ ಹೋದವು. ಗದ್ದೆ ಹೋದಲ್ಲಿ ಏಡಿ, ಮೀನು, ಬದುವಿನ ಸೊಪ್ಪುಗಳಿಗೂ ನೆಲೆ ತಪ್ಪಿತು. ಅನ್ನದ ಗುಡ್ಡೆ ಮಾತ್ರ ಹಾಗೇ ಉಳಿದು, ಅದರ ಜೊತೆಗೆ ಬೇಕರಿಯ ಬನ್ನು, ಸಕ್ಕರೆ ಕಾಫಿ ಸೇರಿಕೊಂಡವು.

ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಹೆಂಗಸರ ಪ್ರಮಾಣ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015–16) ನೂರಕ್ಕೆ 23.3 ಇದ್ದದ್ದು ಐದನೆಯ ಸುತ್ತಿನಲ್ಲಿ (2019–21) 30.1ಕ್ಕೆ ಏರಿತು. ಅದೇ ಸುತ್ತಿನಲ್ಲಿ ನೂರಕ್ಕೆ 17.2 ಹೆಂಗಸರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಒಂದೇ ತೋಟದಲ್ಲಿ ಇಬ್ಬರೂ ಇರಬಹುದು. ತೂಕ ಇಳಿಸಲು ರಾತ್ರಿಯೂಟ ಬಿಡಿ ಎಂಬ ಪೇಟೆಯ ಸಲಹೆಯನ್ನು ದಿನವಿಡೀ ಕಾಫಿ ಹಣ್ಣು ಬಿಡಿಸಿ ಬಂದವಳಿಗೆ ಕೊಟ್ಟರೆ ಅದು ಹಾನಿಯನ್ನೇ ಮಾಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿಯೂ ಊಟ ಬಿಡಲು ಹೇಳುವುದಿಲ್ಲ. 2,000 ಕ್ಯಾಲೊರಿಯ ದಿನಕ್ಕೆ ಅದು ಹೇಳುವುದು 250 ಗ್ರಾಂ ದವಸ, 400 ಗ್ರಾಂ ತರಕಾರಿ–ಸೊಪ್ಪು, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ–ಮಾಂಸ, 300 ಮಿಲಿಲೀಟರ್ ಹಾಲು. ಈ ಪಟ್ಟಿಯಲ್ಲಿ ತರಕಾರಿಯ ತೂಕ ದವಸಕ್ಕಿಂತ ಹೆಚ್ಚು. ಕೆಸು, ಕಳಲೆ, ಎಳೆ ಹಲಸುಗಳಿಗೆ ಇಲ್ಲಿನ ತಟ್ಟೆಯಲ್ಲಿ ಮತ್ತೆ ಜಾಗ ಸಿಗಬಹುದಾದದ್ದು ಆ 400 ಗ್ರಾಮಿನಲ್ಲಿ.